ಸೊಟ್ಟಮ್ಮ ನೆಟ್ಟಗಾದ ದಿನ

ನಾವಿರುವ ಬಾಡಿಗೆ ಮನೆಯ ನೆಲ ಒಂದು ಕಡೆಗೆ ವಾಲಿದೆ. ಮುಂಬಾಗಿಲಲ್ಲಿ ಒಂದು ನಿಂಬೆಹಣ್ಣು ಬಿಟ್ಟರೆ ಅದು ಯಾರ ಅಪ್ಪಣೆಗೂ ಕಾಯದೆ ಉರುಳಿಕೊಂಡು ನಡುಕೋಣೆ ದಾಟಿ, ಅಡುಗೆಮನೆ ಹೊಕ್ಕು, ಒಲೆಯ ಪಕ್ಕದ ಗೋಡೆಗೆ ಡಿಕ್ಕಿ ಹೊಡೆದು ನಿಲ್ಲುತ್ತದೆ. ಮನೆ ತೋರಿಸಿದ ದಿನ ಮಾಲೀಕರು, ಪಾಪ, ಇದು ಗೊತ್ತಾಗದಿರಲಿ ಎಂದು ದಪ್ಪನೆಯ ಜಮಖಾನ ಹಾಸಿದ್ದರು. ಆದರೆ ನಮ್ಮ ಯಜಮಾನರು ಒಳಗೆ ಕಾಲಿಟ್ಟವರೇ ಗಕ್ಕನೆ ನಿಂತುಬಿಟ್ಟರು. ಅವರ ಮುಖ ಅರಳಿತು.

"ಏನೇ, ಕಾಲಿಗೆ ಏನಾದ್ರೂ ಗೊತ್ತಾಗ್ತಾ ಇದ್ಯಾ?" ಎಂದರು ಪಿಸುಮಾತಿನಲ್ಲಿ.

"ಗೊತ್ತಾಗ್ತಾ ಇದೆ ರೀ. ಎಡಕ್ಕೆ."

ಮಿಕ್ಕ ಕೋಣೆಗಳನ್ನು ನೋಡುವ ಗೋಜಿಗೇ ಹೋಗದೆ ಮನೆ ಒಪ್ಪಿಕೊಂಡೆವು. ಇವರಿಗೆ ತಲೆ ಸರಿಯಿಲ್ಲ ಎಂದು ಮಾಲೀಕರು ಅಂದುಕೊಂಡಿರಬೇಕು. ಅಂದುಕೊಳ್ಳಲಿ, ಅವರ ಮನೆಗೆ ಬಾಡಿಗೆಯವರು ಸಿಕ್ಕಿದರಲ್ಲ.

ಇವತ್ತು ಬೆಳಿಗ್ಗೆ ಆ ಮಾಲೀಕರು ಒಬ್ಬ ಗಾರೆ ಕೆಲಸದವನನ್ನು ಕರೆದುಕೊಂಡು ಬಂದಿದ್ದಾರೆ. ಅವನ ಕೈಯಲ್ಲಿ ರಸಮಟ್ಟ ಇದೆ. ನೆಲ, ಗೋಡೆ ಮಟ್ಟವಾಗಿದೆಯೇ ಎಂದು ನೋಡಲು ಇಡುತ್ತಾರಲ್ಲ, ಗಾಜಿನ ಕೊಳವೆಯೊಳಗೆ ಒಂದು ಗುಳ್ಳೆ ಅತ್ತಿತ್ತ ಓಡಾಡುವ ಪಟ್ಟಿ, ಅದು. "ಅಮ್ಮಾ, ವಯಸ್ಸಾದವರು, ಎಲ್ಲಾದ್ರೂ ಜಾರಿ ಬಿದ್ದೀರಿ. ನೆಲ ಕಿತ್ತು ಹೊಸದಾಗಿ ಹಾಕಿಸಿಬಿಡ್ತೀನಿ. ಎಲ್ಲಾ ನಂದೇ ಖರ್ಚು," ಎಂದು ನಗುನಗುತ್ತಾ ನಿಂತಿದ್ದಾರೆ. ನಾನು "ಒಂದು ನಿಮಿಷ ಇರಿ" ಎಂದು ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಬಂದಿದ್ದೇನೆ. ನಿಂತಿರಲಿ. ರಸಮಟ್ಟ ಹಿಡಿದುಕೊಂಡು ಬಂದವರನ್ನು ನಾನು ಸುಲಭಕ್ಕೆ ಒಳಗೆ ಬಿಡುವವಳಲ್ಲ. ಯಾಕೆ ಎಂದು ನಿಮಗೆ ಹೇಳಿಬಿಡುತ್ತೇನೆ, ಆಮೇಲೆ ಅವರ ಗತಿ ನೋಡೋಣ.

ನಾನು ದುಡಿದದ್ದೆಲ್ಲ ಪ್ರವಾಸಿ ಹಡಗುಗಳಲ್ಲಿ. ಈಗ ಹತ್ತು ಅಂತಸ್ತಿನ ಮಾಲ್ ಒಂದನ್ನು ನೀರಿಗೆ ತಳ್ಳಿದ ಹಾಗೆ ಕಾಣುವ ಹಡಗುಗಳಿವೆಯಲ್ಲ, ಅವಲ್ಲ. ಹಳೇ ಕಾಲದವು. ಹಿತ್ತಾಳೆ ಕಂಬಿ, ಮರದ ನೆಲ, ಜಾಲರಿ ಬಾಗಿಲಿನ ಲಿಫ್ಟು, ದುಂಡು ಕಿಟಕಿ, ಎಲ್ಲಿ ಮೂಸಿದರೂ ಪಾಲಿಶಿನ ವಾಸನೆ. ಹಡಗಿನ ಹೊಟ್ಟೆಯೊಳಗೆ, ತಲೆಗೆ ತಾಗುವ ಕೊಳವೆಗಳ ಕೆಳಗೆ ನನ್ನ ಬಟ್ಟೆ ಕೋಣೆ. ಇಡೀ ಹಡಗಿನ ಹಾಸುಬಟ್ಟೆ, ದಿಂಬಿನ ಚೀಲ, ಟವೆಲು, ಮೇಜಿನ ಬಟ್ಟೆ, ಎಲ್ಲಕ್ಕೂ ನಾನೇ ಯಜಮಾನಿ. ಒಗೆಸುವುದು, ಗಂಜಿ ಹಾಕಿಸುವುದು, ಇಸ್ತ್ರಿ ಮಾಡಿಸುವುದು, ಹರಿದದ್ದಕ್ಕೆ ತೇಪೆ ಹಾಕಿಸುವುದು, ಟವೆಲಿನಲ್ಲಿ ಬೂಟು ಒರೆಸಿದ ಪ್ರಯಾಣಿಕರನ್ನು ಮನಸ್ಸಿನಲ್ಲೇ ಬೈಯುವುದು. ಎಲ್ಲರೂ ನನ್ನನ್ನು ಬಟ್ಟೆ ಅಕ್ಕ ಎನ್ನುತ್ತಿದ್ದರು. ನನಗಿಂತ ಹಿರಿಯರೂ ಅಕ್ಕ ಎನ್ನುತ್ತಿದ್ದರು, ಯಾಕೆಂದರೆ ಒಗೆದ ಟವೆಲ್ ಬೇಕಿತ್ತಲ್ಲ.

ನಮ್ಮ ಯಜಮಾನರು ಅದೇ ಹಡಗಿನ ಬೇಕರಿಯವರು. ಎಲ್ಲರ ಬಾಯಲ್ಲಿ ಕೇಕಣ್ಣ. ಮೊದಲ ಸಲ ನನ್ನ ಕೋಣೆಗೆ ಬಂದದ್ದು ಅಂಗಿಯ ಮೇಲೆ ಜಾಮಿನ ಕಲೆ ಮಾಡಿಕೊಂಡು. ಆ ಕಲೆ ಎಷ್ಟು ಉಜ್ಜಿದರೂ ಹೋಗಲಿಲ್ಲ. ಇವರೂ ಹೋಗಲಿಲ್ಲ. ದಿನಾ ಏನಾದರೊಂದು ಕಲೆ ಮಾಡಿಕೊಂಡು ಬಂದು ನಿಲ್ಲುತ್ತಿದ್ದರು. ಕಡೆಗೆ ಸಾಬೂನಾದರೂ ಉಳಿಯಲಿ ಎಂದು ಮದುವೆಯಾದೆ.

ಆ ಹಡಗಿಗೆ ಮುಂಭಾಗದಲ್ಲಿ ಬಂಗಾರದ ಬಣ್ಣದಲ್ಲಿ ಬರೆದ ದೊಡ್ಡ ಹೆಸರೊಂದು ಇತ್ತು. ನಾವು ಕರೆಯುತ್ತಿದ್ದದ್ದು ಸೊಟ್ಟಮ್ಮ ಎಂದು. ಅವಳು ಎಡಕ್ಕೆ ವಾಲಿದ್ದಳು. ಮುಳುಗುವಷ್ಟೇನಲ್ಲ, ಹೆದರಬೇಡಿ. ಬಸ್ಸಿಗೆ ಕಾದು ಕಾದು ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತ ಹೆಂಗಸಿನ ಹಾಗೆ. ಯಾಕೆ ವಾಲಿದ್ದಾಳೆ ಎಂದು ಯಾರಿಗೂ ಗೊತ್ತಿರಲಿಲ್ಲ. ಎಂಜಿನ್ನಿನವರು ಬೇಕರಿಯ ಹಿಟ್ಟಿನ ಮೂಟೆಗಳ ಮೇಲೆ ತಪ್ಪು ಹೊರಿಸುತ್ತಿದ್ದರು. ನಮ್ಮವರು ಎಂಜಿನ್ನಿನ ಕಡೆ ಬೆರಳು ತೋರಿಸುತ್ತಿದ್ದರು. ಪಿಯಾನೋ ನುಡಿಸುವ ತಾತ ಮಾತ್ರ ಕಪ್ತಾನರ ಹೊಟ್ಟೆಯ ಕಡೆ ಕಣ್ಣು ಹೊರಳಿಸಿ ಸುಮ್ಮನಾಗುತ್ತಿದ್ದರು.

ವಾಲಿದ ಹಡಗಿನಲ್ಲಿ ಸಂಸಾರ ಮಾಡುವುದು ಹೇಗೆ? ಬೆಣೆ ಹಾಕಿ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ ಕೆತ್ತಿದ ಮರದ ತುಂಡು. ಮಂಚದ ಎಡಗಾಲುಗಳ ಕೆಳಗೆ ಬೆಣೆ, ಊಟದ ಮೇಜಿನ ಎಡಗಾಲುಗಳ ಕೆಳಗೆ ಬೆಣೆ, ಪಿಯಾನೋಗೆ ಬೆಣೆ, ಕಪ್ತಾನರ ಕುರ್ಚಿಗೆ ಬೆಣೆ. ಇವರು ಒಲೆಯೊಳಗೆ ಕೇಕಿನ ತಟ್ಟೆಗೂ ಒಂದು ಕಬ್ಬಿಣದ ಬೆಣೆ ಇಡುತ್ತಿದ್ದರು, ಇಲ್ಲದಿದ್ದರೆ ಕೇಕು ಒಂದು ಕಡೆ ಗುಡ್ಡ, ಒಂದು ಕಡೆ ಹಳ್ಳ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಸಮವಸ್ತ್ರ ಕೊಡುವ ಮೊದಲು ನಾನು ಒಂದು ಬೆಣೆ ಕೊಡುತ್ತಿದ್ದೆ. ಎಲ್ಲರ ಜೇಬಿನಲ್ಲೂ ಬೆಣೆ. ಇವರದು ಮಾತ್ರ ಉದ್ದನೆಯ ಬಿಳಿ ಟೋಪಿಯೊಳಗೆ. ಇನ್ನು ಮನುಷ್ಯರಿಗೆ ಬೆಣೆ ಹಾಕಲಾಗದು ನೋಡಿ, ಹಾಗಾಗಿ ನಮ್ಮ ಮೈಯೇ ಬಲಕ್ಕೆ ಬಾಗುವುದನ್ನು ಕಲಿತುಬಿಟ್ಟಿತ್ತು. ಹಡಗು ಎಡಕ್ಕೆ, ನಾವು ಬಲಕ್ಕೆ, ಲೆಕ್ಕ ಚುಕ್ತಾ. ಆರಾಮಾಗಿದ್ದೆವು.

ಸೊಟ್ಟಮ್ಮನಲ್ಲಿ ಇನ್ನೊಂದು ಅನುಕೂಲವಿತ್ತು. ಗಂಡ ಹೆಂಡತಿ ಒಂದೇ ಹಡಗಿನಲ್ಲಿ ಕೆಲಸ ಮಾಡಕೂಡದು ಎಂದು ಕಂಪನಿಯ ಕಾನೂನು. ಅವರ ಹೊಸ ಹಡಗುಗಳಲ್ಲಿ ಅದನ್ನು ಕಟ್ಟುನಿಟ್ಟಾಗಿ ನಡೆಸುತ್ತಿದ್ದರು. ಸೊಟ್ಟಮ್ಮನಿಗೆ ಬರಲು ಯಾರೂ ಒಪ್ಪದಿದ್ದುದರಿಂದ, ಇದ್ದವರು ಇದ್ದರೆ ಸಾಕು ಎಂದು ನಮ್ಮನ್ನು ಕಂಡೂ ಕಾಣದವರಂತೆ ಬಿಟ್ಟಿದ್ದರು. ಬೇರೆ ಹಡಗುಗಳ ಗಂಡ ಹೆಂಡಿರ ಪಾಡು ನಾನು ನೋಡಿದ್ದೇನೆ. ಇಬ್ಬರ ಹಡಗೂ ಸಮುದ್ರದ ನಡುವೆ ಎದುರಾದರೆ ಒಂದು ಸಲ 'ಭೋಂ' ಎಂದು ಕೂಗಿಕೊಂಡು ತಮ್ಮ ತಮ್ಮ ದಾರಿ ಹಿಡಿಯುತ್ತವೆ. ಆ ವರ್ಷದ ಸಂಸಾರ ಅಷ್ಟಕ್ಕೇ ಮುಗಿಯಿತು.

ಹೀಗಿರುವಾಗ ಒಂದು ದಿನ ಕಪ್ತಾನರು ನಮ್ಮನ್ನೆಲ್ಲ ಊಟದ ಹಾಲಿಗೆ ಕರೆಸಿದರು. ಕಂಪನಿಯಿಂದ ತಪಾಸಣೆಯವರು ಬರುತ್ತಾರೆ, ಒಂದು ಬಂದರಿನಲ್ಲಿ ಹತ್ತಿ ಮುಂದಿನ ಬಂದರಿನಲ್ಲಿ ಇಳಿಯುತ್ತಾರೆ ಎಂದರು. ಹಡಗು ನೆಟ್ಟಗಿದ್ದರೆ ಓಡುತ್ತದೆ. ವಾಲಿದೆ ಎಂದು ಅವರು ಬರೆದರೆ ಗುಜರಿಗೆ.

"ಗುಜರಿಗೆ ಹಾಕಿದ್ರೆ ನಾವು ಸಾರ್?" ಎಂದೆ.

"ನಿಮಗೇನಮ್ಮ, ಕೆಲಸ ಹೋಗಲ್ಲ. ಹೊಸ ಹಡಗುಗಳಿಗೆ ಹಂಚ್ತಾರೆ," ಎಂದರು ಕಪ್ತಾನರು. ಆಮೇಲೆ ನನ್ನನ್ನು ನೋಡಿ, ನಮ್ಮವರನ್ನು ನೋಡಿ, ಟೋಪಿ ತೆಗೆದು ತಲೆ ಕೆರೆದುಕೊಂಡರು. "ಒಂದೊಂದು ಹಡಗಿಗೆ ಒಬ್ಬೊಬ್ರನ್ನ," ಎಂದು ಮೆಲ್ಲಗೆ ಸೇರಿಸಿದರು.

ನಮ್ಮವರು ಜಗಳಗಂಟರಲ್ಲ, ಜಾಣರೂ ಅಲ್ಲ, ಗೊರಕೆ ಹೊಡೆಯುತ್ತಾರೆ, ಒದ್ದೆ ಟವೆಲನ್ನು ಮಂಚದ ಮೇಲೇ ಬಿಸಾಡುತ್ತಾರೆ, ಅದೂ ಬಟ್ಟೆ ಕೋಣೆಯ ಯಜಮಾನಿಯ ಮಂಚದ ಮೇಲೆ. ಆದರೂ ಅವರಿಲ್ಲದ ಹಡಗನ್ನು ನೆನೆಸಿಕೊಂಡರೆ ಅಳು ಬರುವ ಹಾಗಾಯಿತು. ಅಳು ಬಂದರೆ ನನಗೆ ಸಿಟ್ಟು ಬರುತ್ತದೆ.

"ಹಡಗನ್ನ ನೆಟ್ಟಗೆ ಮಾಡೋಣ," ಎಂದೆ.

"ಹೇಗಕ್ಕಾ?" ಎಂದರು ಎಲ್ಲರೂ.

"ಭಾರ ಎಲ್ಲಾ ಬಲಗಡೆಗೆ ಹಾಕೋಣ. ನನ್ನ ಹತ್ರ ಇಡೀ ಹಡಗಿನ ಬಟ್ಟೆ ಇದೆ. ಒದ್ದೆ ಮಾಡಿ ಬಲಗಡೆ ಕೋಣೆಗಳಿಗೆ ತುಂಬಿಸ್ತೀನಿ. ಒದ್ದೆ ಹಾಸುಬಟ್ಟೆ ಎಷ್ಟು ಭಾರ ಅಂತ ಹೊತ್ತವರಿಗೇ ಗೊತ್ತು."

"ಅದು ಸಾಲಲ್ಲ ಅಕ್ಕಾ," ಎಂದ ಬಡಿಸುವವರ ಮುಖ್ಯಸ್ಥ. ಇವನು ಒಳ್ಳೆಯವನೇ, ಆದರೆ ಯಾರು ಏನು ಹೇಳಿದರೂ ಸಾಲದು ಎನ್ನುವುದು ಅವನ ರೂಢಿ. "ಪ್ರಯಾಣಿಕರು ಎಡಗಡೆನೇ ಕೂತಿದ್ರೆ?"

ಆಗ ನಮ್ಮವರು ಬಾಯಿ ಬಿಟ್ಟರು. "ನಾನು ಬಲಗಡೆ ಡೆಕ್ಕಿನ ಮೇಲೆ ಕೇಕ್ ಇಡ್ತೀನಿ."

ಅಷ್ಟೇ ಹೇಳಿದ್ದು. ಆದರೆ ಇಡೀ ಹಾಲು ಹೌದೌದು ಎಂದು ತಲೆಯಾಡಿಸಿತು. ಪ್ರವಾಸಿ ಹಡಗಿನ ಪ್ರಯಾಣಿಕರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಿಂಡಿ ಮುಗಿಸಿ ಬಂದು ಮಧ್ಯಾಹ್ನದ ಊಟಕ್ಕೆ ಏನು ಎಂದು ಕೇಳುವ ಜನ. ಬಿಟ್ಟಿ ಕೇಕ್ ಇದೆ ಎಂದರೆ ಕಂಬಿ ದಾಟಿ ಸಮುದ್ರದ ಮೇಲೂ ನಾಲ್ಕು ಹೆಜ್ಜೆ ಇಟ್ಟಾರು.

ಕಪ್ತಾನರು ಎದ್ದು ನಿಂತರು. "ನಾನು ಈ ಮಾತು ಯಾವುದೂ ಕೇಳಿಸ್ಕೊಂಡಿಲ್ಲ," ಎಂದರು ಗಂಭೀರವಾಗಿ. ಬಾಗಿಲ ಹತ್ತಿರ ಹೋಗಿ ಹಿಂತಿರುಗಿದರು. "ನನ್ನ ಕೋಣೆ ಬಲಗಡೆನೇ ಇರೋದು. ಒಂದು ದೊಡ್ಡ ತುಂಡು ಅಲ್ಲಿಗೂ ಕಳಿಸಿ."

ಒಂದೇ ಒಂದು ತೊಡಕು. ಏಳನೇ ನಂಬರಿನ ಕೋಣೆಯ ಅಜ್ಜಿ. ಅವರು ವರ್ಷಾನುಗಟ್ಟಲೆಯಿಂದ ನಮ್ಮ ಹಡಗಿನಲ್ಲೇ ಓಡಾಡುತ್ತಿದ್ದ ಪ್ರಯಾಣಿಕರು. ಅವರ ಗಂಡ ಬದುಕಿದ್ದಾಗ ಒಂದು ಸಲ ಇದೇ ಹಡಗಿನ ಎಡಗಡೆಯಿಂದ ತಿಮಿಂಗಿಲ ನೋಡಿದ್ದರಂತೆ. ಆಗ ಅಜ್ಜಿ ಕೋಣೆಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದರಂತೆ. ಸಾಯುವತನಕ ಅಜ್ಜ ಅದನ್ನೇ ಹೇಳಿ ಹೇಳಿ ಚುಡಾಯಿಸಿದ್ದರು. ಅದಕ್ಕೇ ಅಜ್ಜಿ ಎಡಗಡೆ ಕಂಬಿಯ ಪಕ್ಕ ಕುರ್ಚಿ ಹಾಕಿಸಿಕೊಂಡು, ತಲೆಯನ್ನೂ ಅಲ್ಲೇ ಬಾಚಿಕೊಳ್ಳುತ್ತಾ, ತಿಮಿಂಗಿಲಕ್ಕೆ ಕಾಯುತ್ತಿದ್ದರು. ಹಡಗು ಹತ್ತಿದ ಪ್ರತಿಯೊಬ್ಬರಿಗೂ ಈ ಕತೆ ಹೇಳುತ್ತಿದ್ದರು. ಅವರಿಗೆ ಸಕ್ಕರೆ ಕಾಯಿಲೆ ಬೇರೆ, ಕೇಕ್ ತೋರಿಸಿ ಎಬ್ಬಿಸುವ ಹಾಗಿಲ್ಲ.

"ಹೋಗ್ಲಿ ಬಿಡಿ, ಅಜ್ಜಿ ತೂಕ ಎಷ್ಟು ಮಹಾ," ಎಂದರು ನಮ್ಮವರು. ಸರಿ ಎಂದು ಬಿಟ್ಟೆವು.

ತಪಾಸಣೆಯವರು ಬಂದರು. ಇಸ್ತ್ರಿ ಮಾಡಿ ಮಡಚಿಟ್ಟ ಹಾಗಿದ್ದ ಮನುಷ್ಯ. ಕ್ರಾಪು ನೆಟ್ಟಗೆ, ಟೈ ನೆಟ್ಟಗೆ, ಮೀಸೆ ಎರಡೂ ಕಡೆ ಸಮ. ಬಗಲಲ್ಲಿ ಒಂದು ರಸಮಟ್ಟ. ಹಡಗು ಹತ್ತಿ ಇನ್ನೂ ಒಂದು ಗಳಿಗೆಯಾಗಿರಲಿಲ್ಲ, ಅಷ್ಟರಲ್ಲಿ ಅವರಿಗೆ ರಸಮಟ್ಟದಪ್ಪ ಎಂದು ಹೆಸರಿಟ್ಟಾಗಿತ್ತು. ಎಂಜಿನ್ ನೋಡಿದರು, ಪ್ರಾಣರಕ್ಷಣೆಯ ದೋಣಿಗಳನ್ನು ನೋಡಿದರು, ಹಡಗಿನ ತಳ ಬಡಿದು ನೋಡಿದರು. ಎಲ್ಲ ಗಟ್ಟಿಮುಟ್ಟು ಎಂದು ಒಪ್ಪಿಕೊಂಡರು. "ಇನ್ನು ವಾಲಿರೋ ವಿಷಯ," ಎಂದು ಊಟದ ಹಾಲಿನ ಕಡೆ ಹೊರಟರು.

ಅಷ್ಟು ಹೊತ್ತಿಗೆ ನಾವು ಬಂದರು ಬಿಟ್ಟು ಸಮುದ್ರಕ್ಕೆ ಬಂದಿದ್ದೆವು. ನಾನು ಒದ್ದೆ ಬಟ್ಟೆಯನ್ನೆಲ್ಲ ಬಲಗಡೆಗೆ ತುಂಬಿಸಿದ್ದೆ. ಮೇಲೆ ಬಲಗಡೆ ಡೆಕ್ಕಿನಲ್ಲಿ ಕೇಕಿನ ಮೇಜುಗಳು ಸಿದ್ಧವಾದವು. ಗಂಟೆ ಬಾರಿಸಿದರು. ನೆತ್ತಿಯ ಮೇಲೆ ದಡದಡ ಓಡುವ ಸದ್ದು. ಆಮೇಲೆ ಸೊಟ್ಟಮ್ಮ ನರಳಿದಳು. ಮುದುಕಿಯೊಬ್ಬಳು ಸೊಂಟಕ್ಕೆ ಕೈಕೊಟ್ಟು ಏಳುವ ಹಾಗೆ ನಿಧಾನಕ್ಕೆ, ಎಷ್ಟೋ ವರ್ಷಗಳ ಮೇಲೆ ಮೊದಲ ಸಲ, ನೆಟ್ಟಗೆ ನಿಂತಳು.

ನಾನು ಊಟದ ಹಾಲಿನ ಬಾಗಿಲಲ್ಲೇ ಇದ್ದೆ. ರಸಮಟ್ಟದಪ್ಪನವರು ಮಂಡಿಯೂರಿ ನೆಲದ ಮೇಲೆ ಪಟ್ಟಿ ಇಟ್ಟರು. ಗುಳ್ಳೆ ನಟ್ಟನಡುವೆ ಬಂದು ಕೂತಿತು. ಅವರ ಹುಬ್ಬು ಮೇಲೇರಿತು. "ನೆಟ್ಟಗಿದೆ!" ಎಂದರು. ನನಗೆ ಕುಣಿದಾಡುವಷ್ಟು ಸಂತೋಷವಾಯಿತು.

ಆಮೇಲೆ ಅವರು ಎದ್ದು ಪಟ್ಟಿಯನ್ನು ಊಟದ ಮೇಜಿನ ಮೇಲಿಟ್ಟರು. ಗುಳ್ಳೆ ಓಡಿಹೋಗಿ ತುದಿಗೆ ಅಂಟಿಕೊಂಡಿತು.

ಆಗ ನನಗೆ ಹೊಳೆಯಿತು. ಬೆಣೆ! ಹಡಗನ್ನು ನೆಟ್ಟಗೆ ಮಾಡಿದ್ದೆವು, ಆದರೆ ಒಂದೇ ಒಂದು ಬೆಣೆಯನ್ನೂ ತೆಗೆದಿರಲಿಲ್ಲ. ಯಾರಿಗೂ ನೆನಪೇ ಆಗಿರಲಿಲ್ಲ. ಉಸಿರಾಡುವುದು ನೆನಪಿರುತ್ತದೆಯೇ, ಹಾಗೆ.

ಮುಂದಿನದನ್ನು ಹೇಗೆ ಹೇಳಲಿ? ಮೇಜಿನ ಮೇಲಿನ ಸೂಪಿನ ಬೋಗುಣಿಗಳು ಒಂದರ ಹಿಂದೆ ಒಂದು ಬಲಕ್ಕೆ ಮೆರವಣಿಗೆ ಹೊರಟವು. ಮೇಜಿನ ಬಟ್ಟೆಗೆ ನೀರು ಚಿಮುಕಿಸಿದರೆ ಪಾತ್ರೆ ಜಾರುವುದಿಲ್ಲ, ಹಳೇ ಹಡಗಿನವರಿಗೆಲ್ಲ ಗೊತ್ತಿರುವ ಉಪಾಯ. ಆದರೆ ಚಿಮುಕಿಸಲು ಆ ದಿನ ಹಡಗಿನಲ್ಲಿ ಮೇಜಿನ ಬಟ್ಟೆಯೇ ಇರಲಿಲ್ಲ, ಎಲ್ಲವನ್ನೂ ನಾನು ಒದ್ದೆ ಮಾಡಿ ಮೂಟೆ ಕಟ್ಟಿಸಿದ್ದೆ! ಗೋಡೆಗೆ ಸ್ಕ್ರೂ ಹಾಕಿ ಬಿಗಿದಿದ್ದ ಚಿತ್ರಗಳೆಲ್ಲ ಕತ್ತು ಓರೆ ಮಾಡಿ ನಮ್ಮನ್ನೇ ನೋಡುತ್ತಿದ್ದವು. ಪಿಯಾನೋಗೆ ಗಾಲಿ ಇತ್ತಲ್ಲ, ಎಡಗಡೆ ಬೆಣೆ ಎತ್ತಿ ಹಿಡಿದಿತ್ತಲ್ಲ, ಅದು ಮೆಲ್ಲಗೆ ಬೆಣೆಯಿಂದ ಕೆಳಗಿಳಿದು ಬಲಕ್ಕೆ ಹೊರಟಿತು. ತಪಾಸಣೆಯವರ ಮುಂದೆ ಸಂಗೀತ ನಿಲ್ಲಿಸಬಾರದು ಎಂದು ಕಪ್ತಾನರು ಹೇಳಿದ್ದರಿಂದ ತಾತ ನುಡಿಸುತ್ತಲೇ, ಸ್ಟೂಲನ್ನು ಕಾಲಲ್ಲಿ ಎಳೆದುಕೊಳ್ಳುತ್ತಾ, ಪಿಯಾನೋ ಜೊತೆಗೇ ನಡೆದುಕೊಂಡು ಹೋದರು.

ನಾವೋ, ಎಲ್ಲರೂ ಬಲಕ್ಕೆ ಬಾಗಿ ನಿಂತಿದ್ದೆವು.

"ನೀವ್ಯಾಕಮ್ಮ ಹೀಗೆ ನಿಂತಿದ್ದೀರಿ?" ಎಂದರು ರಸಮಟ್ಟದಪ್ಪ.

"ಹೇಗೆ ಸಾರ್?"

"ವಾಲ್ಕೊಂಡು."

"ನಾನು ನೆಟ್ಟಗೇ ಇದೀನಲ್ಲ ಸಾರ್."

ಅವರು ಬಡಿಸುವವರ ಮುಖ್ಯಸ್ಥನನ್ನು ನೋಡಿದರು. ಅವನೂ ಬಲಕ್ಕೆ. ಅವನ ಹಿಂದೆ ಸಾಲಾಗಿ ನಿಂತ ಬಡಿಸುವವರೂ ಬಲಕ್ಕೆ. ಒಂದೇ ಕಡೆಯಿಂದ ಗಾಳಿ ಹೊಡೆದ ಹೊಲದಂತೆ ಕಾಣುತ್ತಿದ್ದಿರಬೇಕು. ಅವರು ಒಂದು ಕ್ಷಣ ತಮ್ಮ ಕಾಲನ್ನೇ ನೋಡಿಕೊಂಡರು, ತಾನೇ ಸೊಟ್ಟಗಿರಬಹುದೇ ಎನ್ನುವ ಹಾಗೆ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲು ತೆರೆದು ನಮ್ಮವರು ಬಂದರು. ತಪಾಸಣೆಯವರಿಗೆಂದೇ ಮಾಡಿದ ಮೂರು ಅಂತಸ್ತಿನ ಕೇಕ್ ಅಂಗೈ ಮೇಲೆ. ಎಂದಿನ ಅಭ್ಯಾಸ, ತಟ್ಟೆಯ ಕೆಳಗೆ ಬೆಣೆ. ಇವರು ಬಲಕ್ಕೆ, ಕೇಕ್ ಇವರಿಗಿಂತ ಬಲಕ್ಕೆ. ಮೇಲಿನ ಅಂತಸ್ತು ಇಳಿದು ಹೋಗುವ ಯೋಚನೆಯಲ್ಲಿತ್ತು. ಇವರು ಅದನ್ನು ಹಿಂಬಾಲಿಸಿಕೊಂಡು ಹಾಲಿನ ತುಂಬ ಓರೆಯಾಗಿ ಓಡಾಡುತ್ತಿದ್ದರು.

"ಈ ಹಡಗಲ್ಲಿ ಏನು ನಡೀತಾ ಇದೆ?" ಎಂದು ರಸಮಟ್ಟದಪ್ಪ ಕೂಗಿದರು.

ಉತ್ತರ ಕೊಟ್ಟದ್ದು ಮೇಲಿನಿಂದ ಏಳನೇ ನಂಬರಿನ ಅಜ್ಜಿ. "ಬಂತು! ಬಂತು! ತಿಮಿಂಗಿಲ ಬಂತು!"

ಅಜ್ಜಿಯ ತೂಕ ಎಷ್ಟು ಮಹಾ ಎಂದಿದ್ದೆವಲ್ಲ, ಅವರ ಗಂಟಲಿನ ಲೆಕ್ಕ ಹಿಡಿದಿರಲಿಲ್ಲ. ಹಡಗಿನ ಜನಕ್ಕೆಲ್ಲ ಅವರ ಕತೆ ಗೊತ್ತಿತ್ತು. ಕೇಕ್ ತಿನ್ನುತ್ತಿದ್ದವರೆಲ್ಲ ಬಾಯಲ್ಲಿ ತುತ್ತು ಇಟ್ಟುಕೊಂಡೇ ಎಡಗಡೆಗೆ ಓಡಿದರು. ನೆತ್ತಿಯ ಮೇಲೆ ಮತ್ತೆ ದಡದಡ. ಸೊಟ್ಟಮ್ಮ 'ಹುಂ' ಎಂದು ದೊಡ್ಡ ನಿಟ್ಟುಸಿರು ಬಿಟ್ಟು, ಸಾಕಪ್ಪಾ ಈ ನೆಟ್ಟಗಿರುವ ಸಹವಾಸ ಎಂಬಂತೆ ತನ್ನ ಹಳೇ ಭಂಗಿಗೆ ಬಂದು ಕೂತಳು. ಎಂದಿಗಿಂತ ಒಂದು ಗೇಣು ಹೆಚ್ಚೇ.

ಆ ಕ್ಷಣ ನೋಡಬೇಕಿತ್ತು ನೀವು. ಮೇಜುಗಳು ಮಟ್ಟವಾದವು. ಉಳಿದಿದ್ದ ಬೋಗುಣಿಗಳು ಇದ್ದಲ್ಲೇ ನಿಂತವು. ಚಿತ್ರಗಳು ನೆಟ್ಟಗಾದವು. ಪಿಯಾನೋ ಹೊರಟ ದಾರಿಯಲ್ಲೇ ವಾಪಸ್ ಬಂದು, ತನ್ನ ಬೆಣೆ ಹತ್ತಿ, 'ಠಣ್' ಎಂದು ನಿಂತಿತು. ತಾತ ಅದೇ ಹೊತ್ತಿಗೆ ಹಾಡು ಮುಗಿಸಿ ತಲೆ ಬಾಗಿಸಿದರು. ನಾವೆಲ್ಲ ಗೋಡೆಗೆ ಹೊಡೆದ ಮೊಳೆಗಳ ಹಾಗೆ ಅಲ್ಲಾಡದೆ ನಿಂತಿದ್ದೆವು. ಕೇಕಿನ ಮೂರೂ ಅಂತಸ್ತು ಒಂದರ ಮೇಲೊಂದು ನೀಟಾಗಿ ಕೂತಿದ್ದವು.

ಇಡೀ ಹಾಲಿನಲ್ಲಿ ಬಿದ್ದವರು ಒಬ್ಬರೇ. ರಸಮಟ್ಟದಪ್ಪನವರು ಅಂಗಾತ ಬಿದ್ದು, ಪಾಲಿಶ್ ಮಾಡಿದ ನೆಲದ ಮೇಲೆ ಜಾರಿಕೊಂಡು ಎಡಗಡೆ ಗೋಡೆಯತ್ತ ಹೊರಟರು. ನಾನು ಈ ಕಡೆಯಿಂದ ಒಂದು ಕೈ ಹಿಡಿದೆ. ನಮ್ಮವರು ಆ ಕಡೆಯಿಂದ ಇನ್ನೊಂದು ಕೈ ಹಿಡಿದರು, ತಮ್ಮ ಮತ್ತೊಂದು ಅಂಗೈ ಮೇಲೆ ಕೇಕ್ ಹಾಗೇ ಇತ್ತು. ಇಬ್ಬರೂ ಒಂದೇ ಸಲಕ್ಕೆ ಬಲಕ್ಕೆ ಬಾಗಿ ಎಳೆದೆವು. ಅವರು ನಮ್ಮಿಬ್ಬರ ನಡುವೆ ಒಗೆದು ಹಿಂಡಿ ಒಣಹಾಕಿದ ಅಂಗಿಯ ಹಾಗೆ ನೇತಾಡಿದರು. ಅವರ ರಸಮಟ್ಟ ಮಾತ್ರ ಜಾರಿಹೋಗಿ ಎಲ್ಲೋ ಸಂದಿ ಸೇರಿತು. ಅವರನ್ನು ಎತ್ತುವ ಭರದಲ್ಲಿ ನಮ್ಮವರ ಟೋಪಿ ಬಿದ್ದು, ಅದರೊಳಗಿನ ಬೆಣೆ ಉರುಳಿ ಅವರ ಎದೆಯ ಮೇಲೆ ಕೂತಿತು.

ಅವರು ಅದನ್ನು ಕೈಗೆತ್ತಿಕೊಂಡರು. ತಿರುಗಿಸಿ ನೋಡಿದರು. ಬಗ್ಗಿ ಮೇಜಿನ ಕಾಲು ನೋಡಿದರು. ಪಿಯಾನೋ ಕೆಳಗೆ ನೋಡಿದರು. ಎಲ್ಲವೂ ಅರ್ಥವಾಗಿ, "ನನ್ನ ಜೊತೆ ಬನ್ನಿ ಇಬ್ಬರೂ," ಎಂದರು.

ಬೇಕರಿಯಲ್ಲಿ ಮೂವರೇ ಕೂತೆವು. ನಮ್ಮವರು ಅಭ್ಯಾಸಬಲದಿಂದ ಅವರ ಮುಂದೆ ಒಂದು ತುಂಡು ಕೇಕ್ ಇಟ್ಟರು. ಅವರು ಮುಟ್ಟಲಿಲ್ಲ. ನನ್ನ ಬಾಯಿ ಸುಮ್ಮನಿರಲಾರದೆ ಹೋಯಿತು.

"ಸಾರ್, ಎಲ್ಲಾ ನಾವೇ ಮಾಡಿದ್ದು. ಒದ್ದೆ ಬಟ್ಟೆ ನಂದು, ಕೇಕ್ ಇವರದು. ತಿಮಿಂಗಿಲ ಮಾತ್ರ ನಮ್ಮದಲ್ಲ."

"ಯಾಕೆ ಮಾಡಿದ್ರಿ?"

"ಹಡಗು ಹೋದ್ರೆ ನಮ್ಮಿಬ್ಬರನ್ನ ಬೇರೆ ಬೇರೆ ಹಡಗಿಗೆ ಹಾಕ್ತಾರೆ, ಅದಕ್ಕೆ." ಅಷ್ಟು ಹೇಳುವಷ್ಟರಲ್ಲಿ ಅಳು ಬಂತು. ಅಳು ಬಂದದ್ದಕ್ಕೆ ಸಿಟ್ಟು ಬಂತು. "ಇವರಿಗೆ ಒಂದು ಗುಂಡಿ ಹಾಕ್ಕೊಳ್ಳೋಕೆ ಬರಲ್ಲ ಸಾರ್. ಜಾಮ್ ಕಲೆಗೆ ಬಿಸಿನೀರು ಹಾಕಬಾರದು ಅಂತ ಇವತ್ತಿಗೂ ಗೊತ್ತಿಲ್ಲ. ಅಲ್ಲಿ ಇವರನ್ನ ಯಾರು ನೋಡ್ಕೋತಾರೆ? ನನ್ನನ್ನ... ನನ್ನ ಬೈಗುಳ ಯಾರು ಕೇಳಿಸ್ಕೋತಾರೆ?"

ನಮ್ಮವರು ತಮ್ಮ ಏಪ್ರನ್ನಿನ ತುದಿಯಿಂದ ನನ್ನ ಕಣ್ಣು ಒರೆಸಲು ಬಂದರು. ಅದರ ತುಂಬ ಚಾಕಲೇಟು. ನನ್ನ ಮುಖಕ್ಕೂ ಮೆತ್ತಿತು.

ರಸಮಟ್ಟದಪ್ಪ ಕೇಕಿನ ತಟ್ಟೆ ಹತ್ತಿರ ಎಳೆದುಕೊಂಡು ಒಂದು ಚಮಚ ಬಾಯಿಗಿಟ್ಟರು. ಇನ್ನೊಂದು ಚಮಚ ಇಟ್ಟರು.

"ನಾನು ಈ ಹಡಗನ್ನ ನೆಟ್ಟಗಿದ್ದಾಗ್ಲೂ ನೋಡ್ದೆ, ವಾಲಿದಾಗ್ಲೂ ನೋಡ್ದೆ," ಎಂದರು. "ನೆಟ್ಟಗಿದ್ದಾಗ ನನಗೆ ಪ್ರಾಣಭಯ ಆಯ್ತು. ವಾಲಿದ ಮೇಲೆ ಒಂದು ಚಮಚ ಕೂಡ ಕೆಳಗೆ ಬೀಳಲಿಲ್ಲ. ಬಿದ್ದಿದ್ದು ನಾನು ಮಾತ್ರ. ತಳ ಗಟ್ಟಿಯಾಗಿದೆ, ಎಂಜಿನ್ ಚೆನ್ನಾಗಿದೆ. ವಾಲಿದೆ, ಆದ್ರೆ ಅಪಾಯ ಇಲ್ಲ ಅಂತ ಬರೀತೀನಿ."

"ಮತ್ತೆ ನಾವು?" ಎಂದರು ನಮ್ಮವರು. ಆ ಹೊತ್ತಿನಲ್ಲಿ ಅವರ ಬಾಯಿಂದ ಬಂದದ್ದು ಅಷ್ಟೇ.

"ನಿಮ್ಮನ್ನ ಈಗಷ್ಟೇ ನೋಡಿದ್ನಲ್ಲ. ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಆದ್ರೂ ಇಬ್ಬರೂ ಒಂದೇ ಕಡೆ, ಒಂದೇ ಅಳತೆಗೆ ವಾಲಿದ್ರಿ." ಅವರು ಬೆಣೆಯನ್ನು ನಮ್ಮವರ ಮುಂದೆ ಇಟ್ಟರು. "ನಿಮ್ಮಿಬ್ಬರನ್ನ ಎರಡು ಹಡಗಿಗೆ ಹಾಕಿದ್ರೆ ಎರಡು ಹಡಗೂ ವಾಲ್ತವೆ. ಕಂಪನಿಗೆ ಒಂದು ಸೊಟ್ಟ ಹಡಗೇ ಸಾಕು. ಇಲ್ಲಿನ ಜನರನ್ನ ಯಾರೂ ಅಲ್ಲಾಡಿಸಬಾರದು ಅಂತ ಅದನ್ನೂ ಬರೀತೀನಿ."

ನಾನು ಆ ಮನುಷ್ಯನ ಕೈ ಹಿಡಿದುಕೊಂಡು ಅತ್ತೆ. ಆಮೇಲೆ ಅವರ ಕೋಟು ಬಿಚ್ಚಿಸಿಕೊಂಡೆ, ಬೆನ್ನಿನ ತುಂಬ ಸೂಪಿತ್ತು. ಮುಂದಿನ ಬಂದರಿನಲ್ಲಿ ಇಳಿಯುವಾಗ ಅದನ್ನು ಒಗೆದು, ಇಸ್ತ್ರಿ ಮಾಡಿ ಕೊಟ್ಟೆ. ಆದರೆ ಅವರು ಹಡಗಿನ ಏಣಿ ಇಳಿದು ನೆಲಕ್ಕೆ ಕಾಲಿಟ್ಟವರೇ ಒಂದು ಚೂರು ಬಲಕ್ಕೆ ವಾಲಿದರು. ನಾವು ಮೇಲಿನಿಂದ ಚಪ್ಪಾಳೆ ತಟ್ಟಿದೆವು.

ಅಜ್ಜಿ ತಿಮಿಂಗಿಲ ನೋಡಿದ್ದು ನಿಜ, ಬಾಲ ಎತ್ತಿ ಹೊಡೆದದ್ದನ್ನು ಎಲ್ಲರೂ ಕಂಡರು. ಇನ್ನು ಮನೆಗೆ ಹೋಗುತ್ತಾರೆ ಎಂದುಕೊಂಡರೆ, "ಇದು ಸಣ್ಣದು, ನಮ್ಮನೆಯವರು ನೋಡಿದ್ದು ಇದಕ್ಕಿಂತ ದೊಡ್ಡದಂತೆ" ಎಂದು ಮತ್ತೆ ಅದೇ ಕುರ್ಚಿಯಲ್ಲಿ ಕೂತರು. ಸೊಟ್ಟಮ್ಮ ಅದಾದ ಮೇಲೂ ಬಹಳ ವರ್ಷ ಓಡಿದಳು. ನಾವಿಬ್ಬರೂ ಅವಳ ಜೊತೆಗೇ ಹಣ್ಣಾದೆವು. ಅವಳು ನಿವೃತ್ತಳಾದ ವರ್ಷವೇ ನಾವೂ ಆದೆವು.

ದಡಕ್ಕೆ ಬಂದ ಮೇಲೆ ಶುರುವಾಯಿತು ಕಷ್ಟ. ಮೊದಲು ಹಿಡಿದ ಮನೆಯ ನೆಲ ಬಹಳ ಚೆನ್ನಾಗಿತ್ತು, ಹಾಳಾದ್ದು, ಕನ್ನಡಿ ಹಾಗೆ ಮಟ್ಟ. ಇವರು ಒಲೆಯಲ್ಲಿ ಬೆಣೆ ಇಡುವುದನ್ನು ಬಿಡಲಾರರು, ಕೇಕೆಲ್ಲ ಗುಡ್ಡ ಹಳ್ಳ. ನಾನು ನೀರು ತರಲು ಹೋದರೆ ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಳ್ಳುತ್ತಿದ್ದೆ. ಬೀದಿಯಲ್ಲಿ ಇಬ್ಬರೂ ಒಟ್ಟಿಗೆ ಹೊರಟರೆ ಇವರು ನನ್ನ ಮೇಲೆ ವಾಲುವುದು, ನಾನು ಪಕ್ಕದ ಬೇಲಿಯ ಮೇಲೆ ವಾಲುವುದು. ಇವರ ಮುಖ ದಿನೇದಿನೇ ಸಣ್ಣಗಾಯಿತು. ಹಡಗು ಬೇಕು ಎನ್ನಲಿಲ್ಲ, ಆದರೆ ಊಟದ ಹೊತ್ತಿಗೆ ಮೇಜಿನ ಕೆಳಗೆ ಬಗ್ಗಿ ನೋಡುತ್ತಿದ್ದರು. ಅದು ಕಂಡಾಗ ನನಗೆ ತಡೆಯಲಾಗುತ್ತಿರಲಿಲ್ಲ. ಹಾಗೆ ಹುಡುಕಿ ಹುಡುಕಿ ಸಿಕ್ಕಿದ ಮನೆ ಇದು. ಬಂದ ದಿನವೇ ಮಂಚಕ್ಕೆ ಬೆಣೆ ಹಾಕಿದೆವು, ಒಲೆಗೆ ಬೆಣೆ ಹಾಕಿದೆವು. ಅವತ್ತಿನಿಂದ ಇವರ ಕೇಕ್ ನೆಟ್ಟಗಿದೆ, ಗೊರಕೆಯೂ ಮೊದಲಿನ ಹಾಗೇ ಇದೆ.

ಇಂಥ ನೆಲವನ್ನು ಕಿತ್ತು ಹಾಕುತ್ತಾರಂತೆ, ಅದೂ ತಮ್ಮದೇ ಖರ್ಚಿನಲ್ಲಿ!

"ಏನೇ, ಯಾರು ಬಾಗಿಲಲ್ಲಿ?" ಎಂದು ಇವರು ಈಗ ಅಡುಗೆಮನೆಯಿಂದ ಕೂಗುತ್ತಿದ್ದಾರೆ.

"ಮಾಲೀಕರು ರೀ. ಜೊತೆಗೆ ಒಬ್ಬರು ಬಂದಿದ್ದಾರೆ. ರಸಮಟ್ಟ ತಂದಿದ್ದಾರೆ."

ಒಲೆಯ ಬಾಗಿಲು ಮುಚ್ಚಿದ ಸದ್ದು ಕೇಳಿತು. ಆಮೇಲೆ ಇವರು ತಲೆಯ ಮೇಲೆ ಆ ಹಳೇ ಟೋಪಿ ಇಟ್ಟುಕೊಂಡು ಹೊರಗೆ ಇಣುಕಿದರು.

"ನೆಲ ನೆಟ್ಟಗೆ ಮಾಡಿಸ್ತಾರಂತೆ," ಎಂದೆ.

"ಒಳಗೆ ಕರಿ," ಎಂದರು ಇವರು ಮೆತ್ತಗೆ. "ಕೇಕ್ ಇನ್ನೇನು ಆಯ್ತು. ಇಬ್ಬರನ್ನೂ ಬಲಗಡೆ ಕೂರಿಸು."

ನಾನು ಹೋಗಿ ಬಲಗಡೆಯ ಎರಡು ಕುರ್ಚಿಗಳ ಧೂಳು ಒರೆಸಿದೆ.